ಓಬಮ್ಮನ ಆರನೇ ಪ್ಲೇಟು

ಹಸಿದವರು ಉಂಡು ಬನ್ನಿ, ನಿದ್ದೆ ಬಂದವರು ಎದ್ದು ಹೋಗಿ, ಉಳಿದವರು ಹತ್ತಿರ ಸರಿದು ಕೂತುಕೊಳ್ಳಿ. ಇದು ಬುದ್ಧಿವಂತರ ಕತೆಯಲ್ಲ. ಬುದ್ಧಿವಂತರ ಕತೆ ಕೇಳಿ ಯಾರು ಉದ್ಧಾರವಾಗಿದ್ದಾರೆ, ನೀವೇ ಹೇಳಿ. ಇದು ತಿಪ್ಪೇಶನ ಕತೆ. ನಾನು ಕಣ್ಣಾರೆ ಕಂಡದ್ದಲ್ಲ, ಆದರೆ ಅವರ ಭಟ್ಟಿಯ ಹುರಿಗಡಲೆ ಹೊಟ್ಟೆತುಂಬ ತಿಂದಿದ್ದೇನೆ. ಆದ್ದರಿಂದ ಸುಳ್ಳು ಹೇಳುವ ಹಾಗಿಲ್ಲ.

ಹೊಸದುರ್ಗದಲ್ಲಿ ಓಬಮ್ಮ ಅಂತ ಒಬ್ಬಳಿದ್ದಳು. ಹುರಿಗಡಲೆ ಭಟ್ಟಿ ಇಟ್ಟುಕೊಂಡಿದ್ದಳು. ಅವಳ ಗಂಡ ಟೂರಿಂಗ್ ಟಾಕೀಸಿನಲ್ಲಿ ಆಟ ಶುರುವಾಗುವ ಮುಂಚೆ ಗ್ರಾಮಫೋನಿಗೆ ಪ್ಲೇಟು ಹಾಕುವ ಕೆಲಸದಲ್ಲಿದ್ದವನು. ಟಾಕೀಸಿನವರು ಡೇರೆ ಕಿತ್ತ ದಿನ ಒಂದು ಗ್ರಾಮಫೋನು, ನಲವತ್ತು ಪ್ಲೇಟು ಹೊತ್ತುಕೊಂಡು ಮನೆಗೆ ಬಂದ. ಆಮೇಲೆ ಅವನು ಕಣ್ಣು ಮುಚ್ಚಿದ, ಪ್ಲೇಟಿನ ಹುಚ್ಚು ಮಾತ್ರ ಹೆಂಡತಿಗೆ ಅಂಟಿಕೊಂಡಿತು.

ಊರಿಗೆಲ್ಲ ಟೇಪ್ ರೆಕಾರ್ಡರ್ ಬಂತು. ಜನ ಪ್ಲೇಟುಗಳನ್ನು ಗುಜರಿಗೆ ಹಾಕಿದರು. ಓಬಮ್ಮ ಗುಜರಿ ಅಂಗಡಿಯ ಮುಂದೆ ಹೋಗಿ ನಿಂತಳು. ಒಂದು ಪ್ಲೇಟಿಗೆ ಒಂದು ಸೇರು ಹುರಿಗಡಲೆ. ಕೊಡ್ತೀಯೋ, ಬಿಡ್ತೀಯೋ? ಗುಜರಿಯವನು ಕೊಟ್ಟ. ಹೀಗೆ ನಲವತ್ತು ಇನ್ನೂರ ಹನ್ನೊಂದಾಯಿತು. ಒಂದೊಂದಕ್ಕೂ ಹಳೇ ಹತ್ತಿ ಸೀರೆಯ ಚೀಲ ಹೊಲಿದಳು. ಅವಳಿಗೆ ಓದು ಬರದು, ಅದಕ್ಕೆ ಚೀಲದ ಬಾಯಿಗೆ ಬಣ್ಣದ ದಾರ ಹಾಕಿದಳು. ಹಳದಿ ದಾರ ದೇವರ ಹಾಡು, ಹಸಿರು ದಾರ ಸೋಬಾನೆ ಪದ, ಕೆಂಪು ದಾರ ನಾಟಕ. ಕಣ್ಣು ಮುಚ್ಚಿಕೊಂಡು ಕೈಹಾಕಿದರೂ ಬೇಕಾದ್ದೇ ಕೈಗೆ ಬರುತ್ತಿತ್ತು.

ಆ ಕೆಂಪು ದಾರದ್ದೇ ಅವಳಿಗೊಂದು ಕೊರಗು. ‘ಸತಿ ಹೇಮಲೇಖೆ’ ಅಂತ ಒಂದು ನಾಟಕ, ಒಟ್ಟು ಆರು ಪ್ಲೇಟು. ಓಬಮ್ಮನ ಹತ್ತಿರ ಐದೇ ಇದ್ದವು. ಚಾಡಿಮಾತು ನಂಬಿದ ರಾಜ ರಾಣಿಯನ್ನು ಆನೆಯಿಂದ ತುಳಿಸಲು ಹೇಳುತ್ತಾನೆ. ಐದನೇ ಪ್ಲೇಟಿನ ಕೊನೆಗೆ ಗಂಟೆ ಬಾರಿಸಿಕೊಂಡು ಆನೆ ಬರುತ್ತದೆ, ಘೀಳಿಡುತ್ತದೆ, ಕಾಲೆತ್ತುತ್ತದೆ. ಹೇಮಲೇಖೆ ‘ಗಜರಾಜಾ’ ಅನ್ನುತ್ತಾಳೆ. ಅಷ್ಟೇ, ಪ್ಲೇಟು ಮುಗಿಯಿತು. ಇಪ್ಪತ್ತೆರಡು ವರ್ಷದಿಂದ ಆ ಆನೆ ಕಾಲೆತ್ತಿಕೊಂಡೇ ನಿಂತಿತ್ತು.

ಇನ್ನೊಂದು ಸಂಗತಿ ಕೇಳಿ. ಓಬಮ್ಮನ ಬಲಗಿವಿ ಪೂರ್ತಿ ಹೋಗಿತ್ತು. ಆ ಕಡೆ ಢಮಾರ್ ಅಂತ ಪಟಾಕಿ ಹಚ್ಚಿದರೂ ತಿರುಗಿ ನೋಡುತ್ತಿರಲಿಲ್ಲ. ಎಡಗಿವಿಗೆ ತನ್ನ ಮಗ್ಗುಲಿನ ಸದ್ದು ಮಾತ್ರ ಕೇಳುತ್ತಿತ್ತು, ಆದರೆ ಅದೂ ವರ್ಷದೊಳಗೆ ಮುಚ್ಚುತ್ತದೆ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

“ಹೋಗ್ಲಿ ಬಿಡಿ, ಹಾಳು ಕಿವಿ,” ಅಂದಳು ಓಬಮ್ಮ. “ಆ ಆನೆ ಕಾಲು ಎಲ್ಲಿಗೆ ಇಟ್ತು ಅನ್ನೋದೊಂದು ಕೇಳಿಸ್ಕೊಂಡು ಹೋಗ್ಲಿ.”

ಅವಳಿಗೆ ಒಬ್ಬನೇ ಮಗ. ಅವನೇ ನಮ್ಮ ತಿಪ್ಪೇಶ. ವಯಸ್ಸು ಇಪ್ಪತ್ತೆಂಟು, ಎರಡು ಮೂಟೆ ಕಡಲೆಯನ್ನು ಎರಡು ಕಂಕುಳಲ್ಲಿ ಎತ್ತುವ ಆಳು. ಹುಟ್ಟಿದಾಗಿನಿಂದ ಅವನಿಗೆ ಅನುಮಾನ ಅನ್ನುವುದು ಒಂದು ದಿನವೂ ಬಂದದ್ದಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತೊಂದರೆ ಒಂದೇ, ನಿನ್ನೆ ಹೇಳಿದ್ದನ್ನು ಇವತ್ತು ಮಾಡುವವನು.

ಒಂದು ದಿನ ಕಡಲೆ ಕೊಳ್ಳಲು ಬಂದ ಬಸ್ಸಿನ ಕಂಡಕ್ಟರ್ ಸುದ್ದಿ ತಂದ. ಅಜ್ಜಂಪುರದಲ್ಲಿ ಷಡಕ್ಷರಯ್ಯ ಅಂತ ಒಬ್ಬ ಹಿರಿಯರಿದ್ದಾರೆ, ಎರಡು ಸಾವಿರ ಪ್ಲೇಟು ಕೂಡಿಟ್ಟಿದ್ದಾರೆ, ಹೇಮಲೇಖೆಯ ಆರನೇ ಪ್ಲೇಟು ಅವರಲ್ಲಿದೆ. ಆದರೆ ಮನುಷ್ಯ ಯಾರಿಗೂ ಮಾರುವುದಿಲ್ಲ. ಅದಲುಬದಲು ಮಾತ್ರ. ಒಂದು ಕೊಟ್ಟರೆ ಒಂದು.

ಓಬಮ್ಮ ಭಟ್ಟಿ ಬಿಟ್ಟು ಹೋಗುವ ಹಾಗಿಲ್ಲ. ಹಳದಿ ದಾರದ ಒಂದು ಒಳ್ಳೇ ಪ್ಲೇಟು ತೆಗೆದು ಮಗನ ಕೈಗಿತ್ತಳು.

“ನೋಡೋ ತಿಪ್ಪೇಶ, ಇದು ಮಣ್ಣಿನ ಮಡಕೆ ಇದ್ದಂಗೆ, ಬಿದ್ರೆ ಹೋಯ್ತು. ತಲೆ ಮೇಲೆ ಇಟ್ಕೊಂಡು ಹೋದ್ರೂ ಸೈ, ಕೆಳಗೆ ಬೀಳಬಾರ್ದು.”

“ಅಷ್ಟೇನಾ? ಬಿಡವ್ವ, ನೋಡ್ತಿರು,” ಅಂದ ತಿಪ್ಪೇಶ.

ಚೀಲದಿಂದ ಪ್ಲೇಟು ತೆಗೆದ, ತಲೆ ಮೇಲೆ ಇಟ್ಟ. ಬಸ್ಸು ಹತ್ತಿದ. ಒಳಗೆ ನಿಂತರೆ ಪ್ಲೇಟು ಸೂರಿಗೆ ತಾಗುತ್ತದೆ. ಕೂತರೆ ಹಿಂದಿನವರು ಬೈಯುತ್ತಾರೆ. ಏಣಿ ಹಿಡಿದು ಟಾಪಿಗೆ ಹತ್ತಿ ಕೂತ. ಏಪ್ರಿಲ್ ತಿಂಗಳು, ಹನ್ನೆರಡು ಗಂಟೆ ಬಿಸಿಲು. ಅಜ್ಜಂಪುರ ಬರುವ ಹೊತ್ತಿಗೆ ಪ್ಲೇಟು ಮೆತ್ತಗಾಗಿ ಇಳಿದು ಅವನ ತಲೆಗೆ ಕಿವಿಯವರೆಗೂ ಕೂತುಬಿಟ್ಟಿತ್ತು.

ಷಡಕ್ಷರಯ್ಯ ಜಗಲಿಯ ಮೇಲಿದ್ದರು. “ಅವ್ವ ಕಳ್ಸವ್ಳೆ, ಪ್ಲೇಟು ತಂದಿದೀನಿ,” ಅಂದ ತಿಪ್ಪೇಶ.

“ಎಲ್ಲಪ್ಪ ಪ್ಲೇಟು?”

“ತಲೆ ಮೇಲೆ.”

ಷಡಕ್ಷರಯ್ಯ ಕನ್ನಡಕ ಹಾಕಿಕೊಂಡು ನೋಡಿದರು. ತೆಗೆದು ನೋಡಿದರು. “ತಮ್ಮಾ, ಇದಕ್ಕೆ ಟೋಪಿ ಅಂತಾರೆ,” ಅಂದರು. ಮುಂದಿನ ಬಸ್ಸಿಗೆ ವಾಪಸ್ಸು ಕಳಿಸಿದರು.

ಓಬಮ್ಮ ಹಣೆ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಮಗನೇ, ಹಂಗಲ್ಲ ಕಣೋ. ಬಿಸಿಲಿಗೆ ಒಡ್ಡಬಾರ್ದು. ಕತ್ತಲು ಕೋಣೇಲಿ ಇಡ್ಬೇಕು. ಮಲಗಿಸಬಾರ್ದು, ಕೂರಿಸಬಾರ್ದು, ನೆಟ್ಟಗೆ ನಿಲ್ಲಿಸ್ಬೇಕು. ಬಾಗದಂಗೆ ಎರಡು ಕಡೆಯಿಂದ ಒತ್ತು ಕೊಟ್ಟು ನಿಲ್ಲಿಸ್ಬೇಕು. ತಿಳೀತಾ?”

“ಅಷ್ಟೇನಾ? ಬಿಡವ್ವ, ಮುಂದಿನ ಸಲ ನೋಡ್ತಿರು.”

ಓಬಮ್ಮ ಸುಮ್ಮನಾಗುವವಳೇ? ಕಂಡಕ್ಟರ್ ಕೈಲಿ ಎರಡು ಸೇರು ಹುರಿಗಡಲೆ ಕಳಿಸಿ, ಹುಡುಗ ತಿಳಿಯದವನು, ತಾವೇ ಒಂದು ಸಲ ಬಂದು ನನ್ನ ಪ್ಲೇಟು ನೋಡಿ, ಯಾವುದು ಬೇಕೋ ಆರಿಸಿಕೊಳ್ಳಿ ಅಂತ ಹೇಳಿ ಕಳಿಸಿದಳು. ಕಡಲೆ ಗರಿಗರಿಯಾಗಿತ್ತು. ಷಡಕ್ಷರಯ್ಯ ಒಪ್ಪಿದರು.

ಅವರು ಬಂದ ದಿನವೇ ಓಬಮ್ಮ ಕಡಲೆ ಕೊಳ್ಳಲು ಮಂಡಿಗೆ ಹೋಗಿದ್ದಳು. ಮನೆಯಲ್ಲಿ ತಿಪ್ಪೇಶ ಒಬ್ಬನೇ. ಷಡಕ್ಷರಯ್ಯನವರಿಗೆ ಅರವತ್ತೆಂಟು ವರ್ಷ. ಬಿಸಿಲಲ್ಲಿ ನಡೆದು ಬಂದು ಉಸ್ಸಪ್ಪಾ ಅಂತ ಜಗಲಿಯ ಮೇಲೆ ಕೂರಲು ಬಗ್ಗಿದರು. ತಿಪ್ಪೇಶ ಓಡಿ ಬಂದು ಎರಡು ಕಂಕುಳಿಗೆ ಕೈಕೊಟ್ಟು ಎತ್ತಿ ನಿಲ್ಲಿಸಿದ.

“ಕೂರಬಾರ್ದು ಯಜಮಾನ್ರೆ.”

“ಯಾಕಪ್ಪ?”

“ಬಿಸಿಲಲ್ಲೂ ಇರಬಾರ್ದು. ಬನ್ನಿ.”

ಒಳಗೆ ಕತ್ತಲು ಉಗ್ರಾಣಕ್ಕೆ ಕರಕೊಂಡು ಹೋದ. ಕಡಲೆ ಮೂಟೆಯನ್ನು ಆ ಕಡೆಗೊಂದು ಈ ಕಡೆಗೊಂದು ಇಟ್ಟ. ನಡುವೆ ಷಡಕ್ಷರಯ್ಯನವರನ್ನು ನಿಲ್ಲಿಸಿದ. ಸ್ವಲ್ಪ ಸಡಿಲ ಅನ್ನಿಸಿತು, ಇನ್ನೊಂದು ಮೂಟೆ ಒತ್ತಿದ. ಬಾಗಿಲು ಎಳೆದುಕೊಂಡು ಹೊರಗೆ ಬಂದು ಕೂತ.

ಎರಡು ಗಂಟೆ ಕಳೆದು ಓಬಮ್ಮ ಬಂದಳು. “ಅಜ್ಜಂಪುರದೋರು ಬಂದ್ರೇನೋ?”

“ಬಂದವ್ರೆ. ಸರಿಯಾಗಿ ಇಟ್ಟಿದೀನಿ.”

“ಎಲ್ಲಿ?”

“ಉಗ್ರಾಣದಲ್ಲಿ. ನೆಟ್ಟಗೆ. ಒಂಚೂರೂ ಬಾಗಿಲ್ಲ, ಬೇಕಾದ್ರೆ ನೋಡು.”

ನಗುವವರು ನಗಿ. ಆದರೆ ಒಂದು ಮಾತು. ಓಬಮ್ಮನ ಪ್ಲೇಟಿನ ಮರದ ಅಟ್ಟಣೆ ಇದ್ದದ್ದೂ ಅದೇ ಉಗ್ರಾಣದಲ್ಲಿ. ಎರಡು ಗಂಟೆ ಕಾಲ ಷಡಕ್ಷರಯ್ಯನವರಿಗೆ ಅದನ್ನು ನೋಡುವುದು ಬಿಟ್ಟು ಬೇರೆ ಕೆಲಸ ಇರಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸೀರೆಯ ಚೀಲ ಕಂಡಿತು, ಬಣ್ಣದ ದಾರ ಕಂಡಿತು. ಇನ್ನೂರ ಹನ್ನೊಂದರಲ್ಲಿ, ಕ್ಷಮಿಸಿ, ಇನ್ನೂರ ಹತ್ತರಲ್ಲಿ, ಒಂದರ ಮೇಲೂ ಧೂಳಿಲ್ಲ. ಮೂಟೆ ಸರಿಸಿದಾಗ ಮುದುಕರು ಪಂಚೆ ಕೊಡವಿಕೊಂಡು ಹೊರಗೆ ಬಂದರು.

“ಪ್ಲೇಟು ಇಡೋ ರೀತಿ ಚೆನ್ನಾಗಿದೆ ತಾಯಿ,” ಅಂದರು. “ಮನುಷ್ಯರನ್ನ ಇಡೋ ರೀತಿ ಚೆನ್ನಾಗಿಲ್ಲ.” ನೀರು ಕೂಡ ಕುಡಿಯದೆ ಹೊರಟುಬಿಟ್ಟರು.

“ಅಯ್ಯೋ ನನ್ನ ಮಗನೇ, ಹಂಗಲ್ಲ ಕಣೋ,” ಅಂದಳು ಓಬಮ್ಮ. “ಅಜ್ಜಂಪುರದಿಂದ ಬಂದವ್ರನ್ನ ಕುರ್ಚಿ ಹಾಕಿ ಕೂರಿಸ್ಬೇಕು. ದಣಿದು ಬಂದಿರ್ತಾರೆ, ಗಾಳಿ ಬೀಸಬೇಕು. ಒಂದು ತಂಬಿಗೆ ಬೆಲ್ಲದ ನೀರು ಕೊಡ್ಬೇಕು. ಸಾಕು ಅಂದ್ರೂ ಬಿಡಬಾರ್ದು, ಇನ್ನೊಂದು ತಂಬಿಗೆ ಕೊಡ್ಬೇಕು.”

“ಅಷ್ಟೇನಾ? ಮುಂದಿನ ಸಲ ನೋಡ್ತಿರು.”

ಮುಂದಿನ ಸಲ ಬೇಗನೇ ಬಂತು. ಪ್ಲೇಟು ಕೂಡಿಡುವವರ ಸಿಟ್ಟು ಬಹಳ ದಿನ ನಿಲ್ಲುವುದಿಲ್ಲ ನೋಡಿ, ಅವರಿಗೆ ಮಾತಾಡಲು ಅಂಥದೇ ಇನ್ನೊಬ್ಬ ಹುಚ್ಚ ಬೇಕು. ವಾರ ಕಳೆದ ಮೇಲೆ ಷಡಕ್ಷರಯ್ಯ ಕಂಡಕ್ಟರ್ ಕೈಲಿ ಒಂದು ಪ್ಲೇಟು ಕಳಿಸಿದರು, ಜೊತೆಗೆ ಒಂದು ಮಾತು. ಇದು ನನ್ನ ತಾಯಿ ಕೊಂಡ ಪ್ಲೇಟು. ನಾಲ್ಕು ದಿನ ನಿಮ್ಮಲ್ಲಿರಲಿ. ಕಳಿಸಿದ ಹಾಗೇ ವಾಪಸ್ಸು ಬಂದರೆ ಆರನೇ ಪ್ಲೇಟಿನ ಮಾತಾಡೋಣ. ಬರದಿದ್ದರೆ ಅದರ ಹೆಸರೆತ್ತಬೇಡಿ.

ಕಂಡಕ್ಟರ್ ಕಟ್ಟನ್ನು ತಿಪ್ಪೇಶನ ಕೈಗೆ ಕೊಟ್ಟ. “ಅಜ್ಜಂಪುರದಿಂದ ಬಂದಿದೆ ಕಣಪ್ಪ, ಹುಷಾರು.”

ಅಜ್ಜಂಪುರದಿಂದ ಬಂದಿದೆಯೇ? ತಿಪ್ಪೇಶ ಕುರ್ಚಿ ಹಾಕಿದ. ಕಟ್ಟು ಬಿಚ್ಚಿ ಪ್ಲೇಟನ್ನು ಕೂರಿಸಿದ. ಬೀಸಣಿಗೆ ತಂದು ಗಾಳಿ ಬೀಸಿದ. ಒಂದು ತಂಬಿಗೆ ಬೆಲ್ಲದ ನೀರು ಹೊಯ್ದ. ಸಾಕು ಅಂತ ಪ್ಲೇಟು ಅನ್ನಲಿಲ್ಲ, ಅಂದರೂ ಬಿಡುವವನಲ್ಲ. ಇನ್ನೊಂದು ತಂಬಿಗೆ ಹೊಯ್ದ.

ಭಟ್ಟಿ ಆರಿಸಿ ಓಬಮ್ಮ ಒಳಗೆ ಬಂದಾಗ ಮಗ ಇನ್ನೂ ಗಾಳಿ ಬೀಸುತ್ತಿದ್ದ. ಕುರ್ಚಿಯ ಕಾಲು ಹಿಡಿದು ಇರುವೆ ಮೇಲೆ ಹತ್ತಿದ್ದವು. ಹತ್ತಿದ ಇರುವೆ ಪ್ಲೇಟಿನ ಗೆರೆ ಹಿಡಿದು ಒಂದರ ಹಿಂದೆ ಒಂದು ಸುತ್ತು ಹಾಕುತ್ತಿದ್ದವು.

ಓಬಮ್ಮ ಪ್ಲೇಟನ್ನು ಕುರ್ಚಿಯಿಂದ ಎತ್ತಿ ಇರುವೆ ಕೊಡವಿದಳು. ಬೈಯಲೂ ಪುರುಸೊತ್ತಿಲ್ಲ. ಅಂಟುವಾಳದ ಕಾಯಿ ನೆನೆಹಾಕಿ ನೊರೆ ತೆಗೆದಳು. ಮೆತ್ತನೆ ಹತ್ತಿಬಟ್ಟೆ ಅದ್ದಿ ಸುತ್ತ ಸುತ್ತ ಒರೆಸಿದಳು. ಒಳ್ಳೇ ನೀರಲ್ಲಿ ಇನ್ನೊಂದು ಸಲ ಒರೆಸಿದಳು. ನೆರಳಲ್ಲಿ ಆರಿಸಿ, ಗ್ರಾಮಫೋನಿಗೆ ಕೀಲಿ ಕೊಟ್ಟು, ಹೊಸ ಮುಳ್ಳು ಹಾಕಿ, ಎಡಗಿವಿ ಕಹಳೆಗೆ ಹಚ್ಚಿ ಕೇಳಿದಳು. ಹಾಡು ಸರಾಗವಾಗಿ ಬಂತು. ಆಮೇಲೆ ಬೈದಳು.

“ಅಯ್ಯೋ ನನ್ನ ಮಗನೇ, ಹಂಗಲ್ಲ ಕಣೋ. ಪ್ಲೇಟು ನೀರು ಕುಡೀತದೇನೋ? ಮುಟ್ಟೋದೇ ಆದ್ರೆ ಅಂಚು ಹಿಡ್ಕೊಂಡು ಎತ್ತಬೇಕು, ಎರಡು ಕೈಲಿ, ಎರಡು ಅಂಚು. ಮುಖದ ಮೇಲೆ ಬೆರಳು ಇಡಬಾರ್ದು. ಕೊಳೆ ಆದ್ರೆ ಒದ್ದೆ ಬಟ್ಟೆ ತಗೊಂಡು ಸುತ್ತ ಸುತ್ತ ಒರೆಸ್ಬೇಕು. ಅಡ್ಡ ಒರೆಸಿದ್ರೆ ಗೀರು ಬೀಳ್ತದೆ.”

“ಅಂಚು, ಸುತ್ತ ಸುತ್ತ. ಅಷ್ಟೇನಾ? ನೋಡ್ತಿರು.”

ನಾಲ್ಕನೇ ದಿನ ಅವನೇ ಪ್ಲೇಟು ತಗೊಂಡು ಹೋದ. ಓಬಮ್ಮ ಅದನ್ನು ಎರಡು ಹಲಗೆಯ ನಡುವೆ ಇಟ್ಟು, ಹಗ್ಗ ಬಿಗಿದು, ಬಿಚ್ಚಿದರೆ ಕೈ ಮುರೀತೀನಿ ಅಂತ ಹೇಳಿ ಕಳಿಸಿದ್ದಳು. ಆದ್ದರಿಂದ ಪ್ಲೇಟು ಸುಖವಾಗಿ ಮುಟ್ಟಿತು. ಷಡಕ್ಷರಯ್ಯನವರ ಹೆಂಡತಿ ಶಿವಗಂಗಮ್ಮ ಬಾಗಿಲಲ್ಲೇ ಇಸಕೊಂಡರು.

“ಅವರು ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸ್ತಾವ್ರೆ, ಹೋಗಿ ಮಾತಾಡ್ಸು,” ಅಂದರು.

ತಿಪ್ಪೇಶ ಹಿತ್ತಲಿಗೆ ಹೋದ. ಅದೇ ಹೊತ್ತಿಗೆ ಎಮ್ಮೆ ತಲೆ ಕೊಡವಿತು. ಷಡಕ್ಷರಯ್ಯ ಜಾರಿದರು, ನೀರಿನ ಬಾನಿಯ ಪಕ್ಕದ ಕೆಸರಿನಲ್ಲಿ ಅಂಗಾತ ಬಿದ್ದರು. ಅಡಿಯಿಂದ ಮುಡಿಯವರೆಗೂ ಕೆಸರು.

“ಎತ್ತೋ ತಮ್ಮಾ,” ಅಂತ ಕೈ ಚಾಚಿದರು.

ತಿಪ್ಪೇಶ ಕೈ ಹಿಡಿಯಲಿಲ್ಲ. ಅಂಚು ಹಿಡಿಯಬೇಕಲ್ಲ? ಮನುಷ್ಯನಿಗೆ ಅಂಚು ಎಲ್ಲಿ? ಆ ಕಡೆ ನೋಡಿದ, ಈ ಕಡೆ ನೋಡಿದ, ಎರಡು ಕಿವಿ ಕಂಡವು. ಎರಡೂ ಕಿವಿ ಹಿಡಿದು ಎತ್ತಿದ.

“ಅಯ್ಯಯ್ಯೋ, ಬಿಡೋ.”

“ಮುಖಕ್ಕೆ ಬೆರಳು ತಾಗಿಸಿಲ್ಲ ಯಜಮಾನ್ರೆ, ಭಯ ಬೀಳ್ಬೇಡಿ.”

ನಿಲ್ಲಿಸಿದ ಮೇಲೆ ಎಮ್ಮೆ ಒರೆಸುವ ಬಟ್ಟೆ ಸಿಕ್ಕಿತು, ಬಾನಿಯಲ್ಲಿ ಅದ್ದಿದ. ಮುದುಕರ ಮುಖದ ಮೇಲೆ ಸುತ್ತ ಸುತ್ತ ಒರೆಸಿದ. ಹಣೆಯಿಂದ ಕೆನ್ನೆ, ಕೆನ್ನೆಯಿಂದ ಗದ್ದ, ಗದ್ದದಿಂದ ಇನ್ನೊಂದು ಕೆನ್ನೆ. ಅವರು ಅಡ್ಡ ತಿರುಗಿದರೆ, “ಅಡ್ಡ ತಿರುಗ್ಬೇಡಿ, ಗೀರು ಬೀಳ್ತದೆ,” ಅನ್ನುತ್ತಿದ್ದ. ಸುತ್ತುತ್ತಲೇ ಇದ್ದ.

ಹಿತ್ತಲ ಬಾಗಿಲಲ್ಲಿ ಶಿವಗಂಗಮ್ಮ ನಿಂತಿದ್ದರು. ನಕ್ಕರು. ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು, ಕೂತು ನಕ್ಕರು, ಬಾಗಿಲ ಚೌಕಟ್ಟು ಹಿಡಿದು ಎದ್ದು ಮತ್ತೆ ನಕ್ಕರು.

“ನಲವತ್ತೈದು ವರ್ಷ ನಿಮ್ಮ ಪ್ಲೇಟು ಒರೆಸಿದೀನಿ ನಾನು,” ಅಂದರು ಗಂಡನಿಗೆ. “ನಿಮ್ಮನ್ನ ಒಂದಿನ ಯಾರಾದ್ರೂ ಹಿಂಗೆ ಒರೆಸ್ಲಿ ಅಂತ ಕಾದಿದ್ದೆ. ಕೊಡ್ರಿ ಆ ಹುಡುಗನಿಗೆ ಅವನು ಕೇಳಿದ್ದನ್ನ.”

ಹೆಂಡತಿಯ ಮಾತಿಗೆ ಎದುರಾಡುವ ಗಂಡಸು ಅಜ್ಜಂಪುರದಲ್ಲಿ ಇನ್ನೂ ಹುಟ್ಟಿಲ್ಲ, ನಮ್ಮೂರಲ್ಲೂ ಹುಟ್ಟಿಲ್ಲ. ಷಡಕ್ಷರಯ್ಯ ಕೆಂಪಾದ ಕಿವಿ ನೀವಿಕೊಂಡು, “ಸೋಮವಾರ ಬಾ. ಬರಿಗೈಲಿ ಬರಬೇಡ. ಒಂದು ಕೊಟ್ಟು ಒಂದು ತಗೊಂಡು ಹೋಗು,” ಅಂದರು.

ಓಬಮ್ಮನಿಗೆ ಕೇಳಿ ಸಂತೋಷವೂ ಆಯಿತು, ಕಿವಿಯ ಸಂಗತಿ ಕೇಳಿ ನಾಚಿಕೆಯೂ ಆಯಿತು. “ಅಯ್ಯೋ ನನ್ನ ಮಗನೇ, ಹಂಗಲ್ಲ ಕಣೋ,” ಅಂತ ಶುರುಮಾಡಿ ಈ ಸಲ ಯೋಚಿಸಿ ಯೋಚಿಸಿ ಬುದ್ಧಿ ಹೇಳಿದಳು. “ದೊಡ್ಡೋರ ಮೈ ಮುಟ್ಟಬೇಡ. ಅವ್ರಿಗೆ ಎದುರು ಮಾತಾಡ್ಬೇಡ. ಅವ್ರು ಏನು ಕೇಳ್ತಾರೋ ಅದು ಕೊಡು, ಅದೂ ಇದೂ ಅನ್ನಬೇಡ. ಪ್ಲೇಟು ಹಾಕಿ ಕೇಳ್ದೆ ತರಬೇಡ. ಎರಡು ಮಗ್ಗುಲೂ ಕೇಳು. ಮೊದಲಿಂದ ಕೊನೆವರ್ಗೂ ಒಂದು ಚೂರೂ ಬಿಡದಂಗೆ ಕೇಳು, ಎಲ್ಲಿ ಗೀರೈತೆ, ಎಲ್ಲಿ ಸದ್ದೈತೆ, ಎಲ್ಲಾ ತಲೇಲಿಟ್ಕೋ. ಅವ್ರ ಮೆಷಿನ್ನಿನ ಮುಳ್ಳು ಹೆಂಗೈತೋ ಏನೋ, ಮೊಂಡು ಮುಳ್ಳಾದ್ರೆ ಪ್ಲೇಟು ಕೊರೀತದೆ. ನಮ್ಮ ಗ್ರಾಮಫೋನೇ ತಗೊಂಡು ಹೋಗು.”

“ಅಷ್ಟೇನಾ?” ಅಂದ ತಿಪ್ಪೇಶ.

ಈ ಸಲ ಎಲ್ಲಾ ಸರಿಯಾಗೇ ಹೇಳಿದಳಲ್ಲ, ಇನ್ನೇನು ತಪ್ಪುತ್ತದೆ ಅಂತ ನೀವು ಕೇಳಬಹುದು. ಓಬಮ್ಮನೂ ಹಾಗೇ ಅಂದುಕೊಂಡಳು.

ಸೋಮವಾರ ತಿಪ್ಪೇಶ ಒಂದು ಕೈಯಲ್ಲಿ ಹತ್ತು ಪ್ಲೇಟಿನ ಪೆಟ್ಟಿಗೆ, ಹೆಗಲ ಮೇಲೆ ಗ್ರಾಮಫೋನು, ಕುತ್ತಿಗೆಗೆ ಅದರ ಹಿತ್ತಾಳೆ ಕಹಳೆ ನೇತುಹಾಕಿಕೊಂಡು ಹೋದ. ಷಡಕ್ಷರಯ್ಯ ಈ ಸಲ ನಾಲ್ಕು ಮಾರು ದೂರ ಕೂತರು. ಆರನೇ ಪ್ಲೇಟು ಹೊರಗೆ ಬಂತು. ತಿಪ್ಪೇಶ ಕೀಲಿ ಕೊಟ್ಟ, ಹೊಸ ಮುಳ್ಳು ಹಾಕಿದ, ಒಂದು ಮಗ್ಗುಲು ಕೇಳಿದ, ತಿರುಗಿಸಿ ಮುಳ್ಳು ಬದಲಿಸಿ ಇನ್ನೊಂದು ಮಗ್ಗುಲು ಕೇಳಿದ. ಕಣ್ಣು ಮಿಟುಕಿಸದೆ ಕೇಳಿದ.

ಷಡಕ್ಷರಯ್ಯ ಪೆಟ್ಟಿಗೆಯ ಹತ್ತೂ ಪ್ಲೇಟು ತೆಗೆದು ನೋಡಿದರು. “ಇವೆಲ್ಲಾ ನನ್ನ ಹತ್ರ ಅವೆ ಕಣಪ್ಪ.” ಆಮೇಲೆ ಅವರ ಕಣ್ಣು ಗ್ರಾಮಫೋನಿನ ಮೇಲೆ ಬಿತ್ತು. ಹಳೇ ಕಾಲದ್ದು, ಕಹಳೆಯ ಬಾಯಿ ಹೂವಿನ ಹಾಗೆ ಅರಳಿತ್ತು. “ಇದನ್ನ ಕೊಡ್ತೀಯಾ?” ಅಂದರು. ಕೊಡಲಿಕ್ಕಿಲ್ಲ ಅಂತಲೇ ಕೇಳಿದರು, ಪಾಪ.

“ಕೊಡ್ತೀನಿ. ನೀವು ಕೇಳಿದ್ದು ಕೊಡು ಅಂದವ್ಳೆ ಅವ್ವ.”

“ಮನೆಯಲ್ಲಿ ಇನ್ನೊಂದು ಐತೇನೋ?”

ಅದೂ ಇದೂ ಅನ್ನಬೇಡ ಅಂತ ಹೇಳಿದ್ದಾಳಲ್ಲ? ತಿಪ್ಪೇಶ ಬಾಯಿ ಬಿಡಲಿಲ್ಲ. ಇರಬೇಕು ಅಂದುಕೊಂಡು ಷಡಕ್ಷರಯ್ಯ ಆರನೇ ಪ್ಲೇಟು ಅವನ ಪೆಟ್ಟಿಗೆಗೆ ಹಾಕಿದರು.

ಸಂಜೆ ಮನೆಗೆ ಬಂದ. ಓಬಮ್ಮ ಭಟ್ಟಿ ಬೇಗ ಆರಿಸಿ, ಮುಖ ತೊಳೆದು, ಬಾಗಿಲಲ್ಲೇ ಕಾದಿದ್ದಳು. ಅಕ್ಕಪಕ್ಕದವರೂ ಬಂದು ಸೇರಿದ್ದರು, ಆ ಆನೆಯ ಸುದ್ದಿ ಬೀದಿಗೆಲ್ಲ ಗೊತ್ತಿತ್ತು. ಪೆಟ್ಟಿಗೆ ತೆಗೆದರೆ ಹನ್ನೊಂದು ಪ್ಲೇಟು. ಆರನೆಯದನ್ನು ಬೆಳಕಿಗೆ ಹಿಡಿದು ನೋಡಿದಳು. ಬಿರುಕಿಲ್ಲ, ಬಾಗಿಲ್ಲ, ಕನ್ನಡಿಯ ಹಾಗಿದೆ.

“ಬಂಗಾರದಂಥ ಮಗನೇ,” ಅಂದಳು. ಜನ್ಮದಲ್ಲಿ ಮೊದಲ ಸಲ ಅಂದದ್ದು. “ತಗೊಂಬಾರೋ ಗ್ರಾಮಫೋನು, ಹಾಕು.”

“ಅದು ಅಜ್ಜಂಪುರದಲ್ಲೈತೆ.”

“ಮರೆತು ಬಂದ್ಯೇನೋ?”

“ಇಲ್ಲವ್ವ, ಕೊಟ್ಟೆ. ಅವ್ರು ಕೇಳಿದ್ದು ಅದೇ.”

ಓಬಮ್ಮ ಬೈಯಲಿಲ್ಲ. ಅಲ್ಲೇ ಗೋಣಿಚೀಲದ ಮೇಲೆ ಕೂತಳು. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಜೀವಮಾನವೆಲ್ಲ ಕಡಲೆ ಹುರಿದವಳಿಗೇ ಹಾಗಾಯಿತು. ಊರಲ್ಲಿ ಇನ್ನೊಂದು ಗ್ರಾಮಫೋನಿಲ್ಲ. ಕೊಟ್ಟದ್ದನ್ನು ವಾಪಸ್ಸು ಕೇಳುವುದು ಪ್ಲೇಟು ಕೂಡಿಡುವವರಲ್ಲಿ ಪದ್ಧತಿಯಿಲ್ಲ. ಎಡಗಿವಿ ಇನ್ನೆಷ್ಟು ದಿನವೋ. ಅವಳಿಗೆ ಅಳು ಬಂತು, ಎಲ್ಲರ ಮುಂದೆಯೇ ಅತ್ತಳು.

ಅಳು ನಿಂತ ಮೇಲೆ ಕೇಳಿದಳು, “ಹೋಗ್ಲಿ, ನೀನಾದ್ರೂ ಕೇಳಿದ್ಯೇನೋ?”

“ಕೇಳ್ದೆ. ಎರಡು ಮಗ್ಗುಲೂ. ಎಲ್ಲಾ ತಲೇಲೈತೆ.”

“ಆನೆ ಕಾಲು ಏನಾಯ್ತು ಹೇಳೋ.”

“ಹಂಗೆ ನಡುವಿಂದ ಹೇಳಕಾಗಲ್ಲ ಅವ್ವ. ಮೊದಲಿಂದ ಬರಬೇಕು.”

ಹೇಳಿ, ಅವಳ ಎಡಗಿವಿಯ ಹತ್ತಿರ ಕೂತ. ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಕರ್‌ರ್‌ರ್, ಟಿಕ್. ಕರ್‌ರ್‌ರ್, ಟಿಕ್,” ಅಂದ. ಆಮೇಲೆ ಮೂಗಿನಲ್ಲಿ, ದೊಡ್ಡ ಮನುಷ್ಯರ ದನಿಯಲ್ಲಿ, “ಸತಿ ಹೇಮಲೇಖೆ, ಆರನೇ ಭಾಗ,” ಅಂದ. ಹಾರ್ಮೋನಿಯಂ ಬಾಯಲ್ಲೇ ನುಡಿಸಿದ. ರಾಜ ಗುಡುಗಿದ, ಮಾವುತ ಅತ್ತ, ಹೇಮಲೇಖೆ ಹಾಡಿದಳು. ಗೀರಿದ್ದ ಕಡೆ ಟಪ್ ಅಂದ, ಸದ್ದಿದ್ದ ಕಡೆ ಸದ್ದು ಮಾಡಿದ. ಒಂದು ಚೂರೂ ಬಿಡಲಿಲ್ಲ. ಓಬಮ್ಮ ಕಣ್ಣು ಮುಚ್ಚಿದಳು. ಅವಳಿಗೆ ಮಗ ಕಾಣಲಿಲ್ಲ, ಗ್ರಾಮಫೋನೇ ಕೇಳಿತು. ಆನೆಯ ಕಾಲು ರಾಣಿಯ ತಲೆಗೆ ಗೇಣು ದೂರಕ್ಕೆ ಬಂತು. ತಿಪ್ಪೇಶ ನಿಲ್ಲಿಸಿ ಎದ್ದುಬಿಟ್ಟ.

“ಎಲ್ಲಿಗೋ ಹೋಗ್ತೀಯಾ?”

“ಮಗ್ಗುಲು ಮುಗೀತು. ಇನ್ನೊಂದು ಮಗ್ಗುಲು ಹಾಕ್ಬೇಕಲ್ಲ?”

ಹಿಂದಿನಿಂದ ಸುತ್ತಿಕೊಂಡು ಅವಳ ಬಲಮಗ್ಗುಲಿಗೆ ಬಂದು ಕೂತ. ಬಲಗಿವಿಗೆ ಬಾಯಿಟ್ಟು ಶುರುಮಾಡಿದ. 

ಓಬಮ್ಮನಿಗೆ ಅವನ ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಬಾಗಿಲಲ್ಲಿ ನಿಂತ ಬೀದಿಯವರಿಗೆಲ್ಲ ಕೇಳಿತು. ಅವರು ಉಸಿರು ಬಿಗಿಹಿಡಿದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಕೊನೆಗೆ ಚಪ್ಪಾಳೆ ತಟ್ಟಿದರು. ಇಪ್ಪತ್ತೆರಡು ವರ್ಷ ಕಾದವಳೊಬ್ಬಳಿಗೆ ಮಾತ್ರ ಏನೂ ಗೊತ್ತಾಗಲಿಲ್ಲ.

ಪಕ್ಕದ ಮನೆಯವಳು, “ಓಬಕ್ಕಾ, ಆನೆ ಏನು ಮಾಡ್ತು ಗೊತ್ತಾ?” ಅಂತ ಬಾಯಿ ತೆಗೆದಳು.

“ಯಾರೂ ಹೇಳಬೇಡಿ,” ಅಂದಳು ಓಬಮ್ಮ. “ನಾನು ಪ್ಲೇಟಿನ ಬಾಯಿಂದ್ಲೇ ಕೇಳ್ಬೇಕು.” ಮಗನ ರಟ್ಟೆ ಹಿಡಿದು ಎಡಕ್ಕೆ ಎಳೆದಳು. “ಈ ಕಡೆ ಹೇಳೋ, ಈ ಕಡೆ.”

ಎಡಕ್ಕೆ ಬಂದ ತಿಪ್ಪೇಶ, “ಕರ್‌ರ್‌ರ್, ಟಿಕ್. ಸತಿ ಹೇಮಲೇಖೆ, ಆರನೇ ಭಾಗ,” ಅಂದ.

“ಅದಲ್ಲವೋ, ಇನ್ನೊಂದು ಮಗ್ಗುಲಿಂದು.”

“ಅದು ಆ ಕಡೆ ಐತೆ ಅವ್ವ. ಈ ಕಡೆ ಇರೋದು ಇದೇ. ಪ್ಲೇಟಲ್ಲಿ ಹೆಂಗೈತೋ ಹಂಗೆ.”

ಬಲಕ್ಕೆ ಹೋದರೆ ಎರಡನೆಯದು. ಎಡಕ್ಕೆ ಬಂದರೆ ಮೊದಲನೆಯದು. ಬೀದಿಯವರು ಬುದ್ಧಿ ಹೇಳಿದರು, ಗದರಿದರು, ಬೆಲ್ಲ ಕೊಡ್ತೀವಿ ಅಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಓಬಮ್ಮ ಮಗನ ಮುಖವನ್ನೇ ನೋಡುತ್ತ ಕೂತಿದ್ದಳು. ಹಂಗಲ್ಲ ಕಣೋ ಅನ್ನಲಿಲ್ಲ. ಮೆಲ್ಲಗೆ ಎದ್ದಳು, ಮಗನನ್ನು ಮತ್ತೆ ಬಲಮಗ್ಗುಲಿಗೇ ಕೂರಿಸಿ, ತಾನೇ ಪೂರ್ತಿ ಹಿಂದು ಮುಂದಾಗಿ ತಿರುಗಿ, ಗೋಡೆಗೆ ಮುಖ ಮಾಡಿ ಕೂತಳು. ಈಗ ಅವಳ ಎಡಗಿವಿ ಅವನ ಬಾಯಿಗೆ ಬಂತು.

“ಹಾಕಪ್ಪ,” ಅಂದಳು.

ತಿಪ್ಪೇಶ ಹಾಕಿದ. ಗಂಟೆ ಬಾರಿಸಿತು. ಆನೆ ಸೊಂಡಿಲು ಚಾಚಿ ರಾಣಿಯ ಕೈ ಮೂಸಿತು. ದಿನಾ ಬೆಲ್ಲ ತಿನ್ನಿಸಿದ ಕೈ. ಎತ್ತಿದ ಕಾಲನ್ನು ಹಿಂದಕ್ಕೆ ತೆಗೆದು ನೆಲಕ್ಕಿಟ್ಟಿತು, ಮಂಡಿಯೂರಿತು. ರಾಜ ಓಡಿ ಬಂದು ಕಾಲಿಗೆ ಬಿದ್ದ. ಹೇಮಲೇಖೆ ಅಂದಳು: “ಏಳಿ ಮಹಾಪ್ರಭು. ಆನೆಗೆ ತಿಳಿದದ್ದು ನಿಮಗೆ ತಿಳಿಯಲಿಲ್ಲವಲ್ಲ.” ಮಂಗಳ ಹಾಡಿದರು.

ಓಬಮ್ಮ ಉಸಿರು ಬಿಟ್ಟಳು. ಅಷ್ಟು ವರ್ಷದ ಉಸಿರು.

ಹಾಡು ಮುಗಿಯಿತು, ತಿಪ್ಪೇಶ ನಿಲ್ಲಿಸಲಿಲ್ಲ. ಪ್ಲೇಟು ಮುಗಿದ ಮೇಲೆ ಮುಳ್ಳೆತ್ತುವವರೆಗೂ ಅದು ತಿರುಗುತ್ತಲೇ ಇರುತ್ತದಲ್ಲ? “ಕರ್, ಟಿಕ್. ಕರ್, ಟಿಕ್. ಕರ್, ಟಿಕ್.” ಬೀದಿಯವರು ಮನೆಗೆ ಹೋದರು. ಭಟ್ಟಿಯಲ್ಲಿ ಉಳಿದಿದ್ದ ಕೆಂಡವೂ ಆರಿತು. ಎಲ್ಲರಿಗಿಂತ ಕೊನೆಗೆ ಹೋಗುವಾಗ ಪಕ್ಕದ ಮನೆಯವಳು, “ಸಾಕು ಮಾಡ್ಸೇ ಓಬಕ್ಕ, ಅವನ ಗಂಟಲು ಹೋದೀತು,” ಅಂದಳು.

“ಇರ್ಲಿ,” ಅಂದಳು ಓಬಮ್ಮ, ಗೋಡೆಗೆ ಮುಖ ಮಾಡಿಕೊಂಡೇ. “ಇನ್ನೊಂಚೂರು ಹೊತ್ತು ತಿರುಗ್ಲಿ.”